ಸ್ಮಶಾನದ ದಾರಿ ಯಾರ ಹೊಣೆ?

ಕಾಫಿ ಅಡಿಕೆಗಳ ಧಾರಣೆ, ಗೊಬ್ಬರದ ಬೆಲೆ, ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆ, ಕಾಯಿಕೊರಕದ ಹತೋಟಿ, ಸಾಲದ ವಾಯಿದೆ, ಇವೇ ಈ ಪತ್ರಿಕೆಯ ಪುಟಗಳನ್ನು ತುಂಬುವ ವಿಷಯಗಳು. ಸದಸ್ಯರು ಪತ್ರಿಕೆಯಿಂದ ನಿರೀಕ್ಷಿಸುವುದೂ ಅದನ್ನೇ. ಈ ಸಂಚಿಕೆಯಲ್ಲಿ ಅದನ್ನು ಬಿಟ್ಟು ಬೇರೊಂದು ವಿಷಯ ಎತ್ತಿಕೊಂಡಿದ್ದೇವೆ. ಬೆಳೆಗಾರನಿಗೂ ಕೂಲಿಗಾರನಿಗೂ, ಐವತ್ತು ಎಕರೆಯವನಿಗೂ ಅರ್ಧ ಎಕರೆಯವನಿಗೂ ಸಮಾನವಾಗಿ ಒದಗುವ ವಿಷಯ ಇದೊಂದೇ ಎಂದರೆ ಅತಿಶಯೋಕ್ತಿಯಲ್ಲ. ಅದು ನಮ್ಮ ಊರುಗಳ ಸ್ಮಶಾನಗಳ ವಿಷಯ. ಅಮಂಗಳದ ಮಾತೆಂದು ಓದುಗರು ಪುಟ ಮಗುಚಬಾರದೆಂದು ಮೊದಲೇ ಕೇಳಿಕೊಳ್ಳುತ್ತೇವೆ. ಅಮಂಗಳವೆಂದು ಯಾರೂ ಮಾತನಾಡದೆ ಇದ್ದುದರಿಂದಲೇ ಆ ಜಾಗಗಳು ಇಂದಿನ ಸ್ಥಿತಿಗೆ ಬಂದಿವೆ.

ಮಲೆನಾಡಿನ ಯಾವುದೇ ಗ್ರಾಮದ ಸ್ಮಶಾನಕ್ಕೆ ಹೋಗಿ ನೋಡಿದರೂ ಚಿತ್ರ ಹೆಚ್ಚುಕಡಿಮೆ ಒಂದೇ. ಹಳ್ಳದ ಪಕ್ಕದಲ್ಲಿಯೋ ಗುಡ್ಡದ ಓರೆಯಲ್ಲಿಯೋ ಒಂದು ತುಂಡು ಜಾಗ. ಆಳೆತ್ತರ ಬೆಳೆದ ಲಂಟಾನ, ಅದರ ನಡುವೆ ಕಮ್ಯುನಿಸ್ಟ್ ಗಿಡ. ಎಲ್ಲಿ ಹೂಳಿದೆ, ಎಲ್ಲಿ ಹೂಳಿಲ್ಲ ಎಂಬ ಗುರುತಿಲ್ಲ. ಬೇಲಿಯಿಲ್ಲದ ಕಾರಣ ದನ ನುಗ್ಗುತ್ತದೆ, ಹಂದಿ ಕೆದಕುತ್ತದೆ. ಹೋಗುವ ದಾರಿ ಯಾರದೋ ತೋಟದ ಒಳಗಿಂದ, ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಅಗಲ. ನಾಲ್ವರು ಚಟ್ಟ ಹೊತ್ತು ಸಾಗಬೇಕಾದರೆ ಇಬ್ಬರು ಕಾಫಿ ಗಿಡದ ಮೇಲೆಯೇ ನಡೆಯಬೇಕು. ನಡುವೆ ಹಳ್ಳ ಬಂದರೆ ಅಡಿಕೆ ಮರದ ಕಾಲುಸಂಕ.

ಇದು ಬೇಸಿಗೆಯ ಮಾತು. ಮಳೆಗಾಲದ ಮಾತು ಇನ್ನೂ ಕಷ್ಟ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅಷ್ಟು ಬೀಳದ ಊರುಗಳಲ್ಲಿಯೂ ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಒಣ ಸೌದೆ ಎಂಬುದು ಮನೆಯ ಅಟ್ಟದ ಮೇಲೆ ಮಾತ್ರ ಇರುವ ವಸ್ತು. ಒಂದು ಹೆಣ ಸುಡಲು ನಾಲ್ಕು ಕ್ವಿಂಟಲಿನಷ್ಟು ಸೌದೆ ಬೇಕು. ಮೇಲೆ ಮಾಡಿಲ್ಲದ ಬಯಲಿನಲ್ಲಿ, ನಾಲ್ಕು ಜನ ಟಾರ್ಪಾಲು ಹಿಡಿದು ನಿಂತು, ಸೀಮೆಎಣ್ಣೆ, ಡೀಸೆಲ್, ಹಳೆಯ ಟೈರು ಹಾಕಿ ಉರಿಸುವುದನ್ನು ಈ ಸೀಮೆಯಲ್ಲಿ ನೋಡದವರು ಯಾರಿದ್ದಾರೆ? ತಂದೆಗೋ ತಾಯಿಗೋ ಕೊನೆಯ ಸಂಸ್ಕಾರ ಮಾಡುವ ಹೊತ್ತಿನಲ್ಲಿ ಮಗ ಟೈರು ಹುಡುಕಿಕೊಂಡು ಹೋಗಬೇಕಾದ ಊರು ಎಷ್ಟು ಕಾಂಕ್ರೀಟ್ ರಸ್ತೆ ಮಾಡಿಸಿಕೊಂಡರೂ ಮುಂದುವರಿದ ಊರು ಎನಿಸಿಕೊಳ್ಳಲಾರದು.

ಹೀಗೇಕಾಯಿತು? ನಮ್ಮ ಭಾಷೆಯಲ್ಲಿಯೇ ಇದಕ್ಕೆ ಒಂದು ಮಾತಿದೆ, ಸ್ಮಶಾನ ವೈರಾಗ್ಯ. ಚಿತೆಯ ಮುಂದೆ ನಿಂತಾಗ ಎಲ್ಲರಿಗೂ ಎಲ್ಲವೂ ಹೊಳೆಯುತ್ತದೆ. ‘ಇಲ್ಲೊಂದು ಶೆಡ್ ಆಗಬೇಕಿತ್ತು’, ‘ದಾರಿ ಸರಿಮಾಡಿಸಬೇಕು’, ‘ಮುಂದಿನ ಗ್ರಾಮಸಭೆಯಲ್ಲಿ ಕೇಳಿಯೇ ಬಿಡೋಣ’ ಎಂಬ ಮಾತುಗಳು ಬರುತ್ತವೆ. ಹಳ್ಳದಲ್ಲಿ ಮುಳುಗು ಹಾಕಿ ಮನೆಗೆ ಬಂದರೆ ಆ ವೈರಾಗ್ಯವೂ ನೀರಿನ ಜೊತೆ ಹೋಯಿತು. ಮತ್ತೆ ಆ ಜಾಗದ ನೆನಪಾಗುವುದು ಮುಂದಿನ ಸಾವಿಗೆ. ಶಾಲೆಯ ಮಾಡು ಸೋರಿದರೆ ಮಕ್ಕಳ ತಂದೆತಾಯಿಗಳು ನಿತ್ಯ ಕೇಳುತ್ತಾರೆ. ನೀರು ಬಾರದಿದ್ದರೆ ಕೊಡ ಹಿಡಿದ ಹೆಂಗಸರು ಪಂಚಾಯಿತಿಯ ಬಾಗಿಲಿಗೆ ಬರುತ್ತಾರೆ. ಸ್ಮಶಾನದ ಪರವಾಗಿ ಕೇಳುವವರು ಯಾರು? ಅದನ್ನು ನಿತ್ಯ ಬಳಸುವವರಿಗೆ ಮತವೂ ಇಲ್ಲ, ಮಾತೂ ಇಲ್ಲ.

ಆದ್ದರಿಂದಲೇ ಈ ಕೆಲಸ ಜನರ ನೆನಪಿನ ಮೇಲೆ, ಅನುಕಂಪದ ಮೇಲೆ ನಿಲ್ಲತಕ್ಕದ್ದಲ್ಲ. ಒಂದು ಕಚೇರಿಯ ನಿತ್ಯದ ಕರ್ತವ್ಯವಾಗಿ ಇರತಕ್ಕದ್ದು. ಆ ಕಚೇರಿ ಯಾವುದು ಎಂಬುದೇ ಈಗಿನ ಪ್ರಶ್ನೆ.

ಕೇಳಲು ಹೋದರೆ ಸಿಗುವ ಉತ್ತರ ಸದಸ್ಯರಿಗೆಲ್ಲ ಗೊತ್ತಿದ್ದದ್ದೇ. ಪಂಚಾಯಿತಿಯವರು ‘ಜಾಗ ಕಂದಾಯ ಇಲಾಖೆಯದು, ನಮ್ಮ ಹೆಸರಿಗೆ ಬಂದಿಲ್ಲ’ ಎನ್ನುತ್ತಾರೆ. ತಾಲ್ಲೂಕು ಕಚೇರಿಯವರು ‘ಜಾಗ ಗುರುತಿಸುವುದಷ್ಟೇ ನಮ್ಮ ಕೆಲಸ, ನಿರ್ವಹಣೆ ಪಂಚಾಯಿತಿಯದು’ ಎನ್ನುತ್ತಾರೆ. ಇಬ್ಬರೂ ಒಪ್ಪಿದರೆ ಮೂರನೆಯವರು ಬಂದು ‘ಇದು ಅರಣ್ಯದ ಪಟ್ಟಿಯಲ್ಲಿದೆ, ಒಂದು ಗಿಡ ಕಡಿಯುವಂತಿಲ್ಲ’ ಎನ್ನುತ್ತಾರೆ. ಮೂರು ಕಚೇರಿಯ ಮೆಟ್ಟಿಲು ಹತ್ತಿಳಿಯುವಷ್ಟರಲ್ಲಿ ಸತ್ತವರ ವರ್ಷಾಂತಿಕವೂ ಮುಗಿದಿರುತ್ತದೆ.

ಕಾನೂನು ಏನು ಹೇಳುತ್ತದೆಂದು ನೋಡೋಣ. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯ 10ನೆಯ ನಮೂದು ಹೂಳುವುದು, ಸುಡುವುದು ಮತ್ತು ಅದಕ್ಕಾಗಿ ಇರುವ ಸ್ಥಳಗಳನ್ನು ರಾಜ್ಯದ ವಿಷಯವೆಂದು ಹೇಳುತ್ತದೆ. 1993ರಲ್ಲಿ ಜಾರಿಗೆ ಬಂದ ಎಪ್ಪತ್ತನಾಲ್ಕನೆಯ ತಿದ್ದುಪಡಿ ಹನ್ನೆರಡನೆಯ ಅನುಸೂಚಿಯನ್ನು ಸೇರಿಸಿತು. ಅದರ 14ನೆಯ ಬಾಬು ಸ್ಮಶಾನ, ಚಿತಾಗಾರ, ವಿದ್ಯುತ್ ಚಿತಾಗಾರಗಳನ್ನು ಪಟ್ಟಣದ ಸಂಸ್ಥೆಗಳ ಕೆಲಸವೆಂದು ಹೆಸರಿಟ್ಟು ಹೇಳಿದೆ. ಅದೇ ವರ್ಷದ ಎಪ್ಪತ್ತಮೂರನೆಯ ತಿದ್ದುಪಡಿ ಪಂಚಾಯಿತಿಗಳಿಗಾಗಿ ಸೇರಿಸಿದ ಹನ್ನೊಂದನೆಯ ಅನುಸೂಚಿಯಲ್ಲಿ 29 ವಿಷಯಗಳಿವೆ. ಸ್ಮಶಾನದ ಹೆಸರು ಅದರಲ್ಲಿ ಇಲ್ಲ. ಕೊನೆಯ ಬಾಬಾಗಿ ‘ಸಮುದಾಯದ ಆಸ್ತಿಗಳ ನಿರ್ವಹಣೆ’ ಎಂದಿದೆ. ಪಟ್ಟಣದವರಿಗೆ ಬಿಡಿಸಿ ಬರೆದದ್ದನ್ನು ಹಳ್ಳಿಯವರಿಗೆ ಒಟ್ಟು ಮಾತಿನಲ್ಲಿ ಮುಗಿಸಿದ್ದಾರೆ.

ಆದರೆ ಇದರಿಂದ ಪಂಚಾಯಿತಿಯ ಹೊಣೆ ತಪ್ಪುವುದಿಲ್ಲ. ರಾಜ್ಯದ 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳ ಪಟ್ಟಿ ಇದೆ. ಅದರ ಗ್ರಾಮೀಣ ನೈರ್ಮಲ್ಯದ ಭಾಗದಲ್ಲಿ, ಸುಡುವ ಮತ್ತು ಹೂಳುವ ಸ್ಥಳಗಳ ನಿರ್ವಹಣೆಯನ್ನು ಪಂಚಾಯಿತಿಗೇ ವಹಿಸಿದೆ. ಸಾರ್ವಜನಿಕ ಸ್ಥಳಗಳ ಒತ್ತುವರಿ ತೆರವು ಮಾಡುವುದೂ ಅದೇ ಅಧಿನಿಯಮದ 58ನೆಯ ಪ್ರಕರಣದಂತೆ ಪಂಚಾಯಿತಿಯ ಕರ್ತವ್ಯ. ಇತ್ತ 1964ರ ಭೂಕಂದಾಯ ಅಧಿನಿಯಮದ 71ನೆಯ ಪ್ರಕರಣದ ಮೇರೆಗೆ ಸರ್ಕಾರಿ ಜಮೀನನ್ನು ಗೋಮಾಳಕ್ಕೆ ಅಥವಾ ಇತರ ಸಾರ್ವಜನಿಕ ಉದ್ದೇಶಕ್ಕೆ ಕಾದಿರಿಸುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ. ಅಂದರೆ ಜಾಗ ಕೊಡುವುದು ಕಂದಾಯ ಇಲಾಖೆ, ಕೊಟ್ಟ ಜಾಗವನ್ನು ಕಾಯುವುದು ಪಂಚಾಯಿತಿ. ಇದರಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಗೊಂದಲ ಇರುವುದು ಕಾಗದದಲ್ಲಿ ಅಲ್ಲ, ಮನಸ್ಸಿನಲ್ಲಿ.

ನ್ಯಾಯಾಲಯವೂ ಸುಮ್ಮನಿಲ್ಲ. ಸ್ಮಶಾನವಿಲ್ಲದ ಊರುಗಳಿಗೆ ಆರು ತಿಂಗಳೊಳಗೆ ಜಾಗ ಒದಗಿಸಬೇಕೆಂದು 2019ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಸರ್ಕಾರಕ್ಕೆ ಆದೇಶ ಮಾಡಿತು. ಆದೇಶ ಪಾಲನೆಯಾಗಲಿಲ್ಲವೆಂದು ನ್ಯಾಯಾಂಗ ನಿಂದನೆಯ ಅರ್ಜಿ ಬಂದು, ಸರ್ಕಾರದ ಹಿರಿಯ ಅಧಿಕಾರಿಗಳು ಗ್ರಾಮವಾರು ಲೆಕ್ಕ ಒಪ್ಪಿಸಬೇಕಾಯಿತು. ಹೂಳಲು ಆರಡಿ ಜಾಗಕ್ಕಾಗಿ ಹೈಕೋರ್ಟಿನ ಕಟ್ಟೆ ಏರುವ ಪರಿಸ್ಥಿತಿ ಬಂದಿತೆಂಬುದು ವಿಷಾದದ ಸಂಗತಿ. ಅದಕ್ಕಿಂತ ವಿಷಾದದ ಸಂಗತಿಯೆಂದರೆ, ಲೆಕ್ಕದಲ್ಲಿ ‘ಸ್ಮಶಾನ ಇದೆ’ ಎಂದು ಬರೆದ ಮೇಲೆ ಅದು ಯಾವ ಸ್ಥಿತಿಯಲ್ಲಿದೆ ಎಂದು ಕೇಳುವ ಕಲಮು ಯಾವ ನಮೂನೆಯಲ್ಲಿಯೂ ಕಾಣದಿರುವುದು. ಎರಡು ಎಕರೆ ಲಂಟಾನವೂ ಲೆಕ್ಕದಲ್ಲಿ ಸ್ಮಶಾನವೇ.

ಇನ್ನು ಒತ್ತುವರಿಯ ಮಾತು. ಇಲ್ಲಿ ನಾವು ಸರ್ಕಾರದ ಕಡೆಗೆ ಬೆರಳು ತೋರಿಸಿ ಕುಳಿತರೆ ಸಾಲದು. ಖರಾಬು ಎಂದರೇನೆಂದು ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ‘ಎ’ ಖರಾಬು ಯಾವುದು, ‘ಬಿ’ ಖರಾಬು ಯಾವುದು ಎಂಬುದು ನಮ್ಮ ಸದಸ್ಯರಿಗೆ ಸರ್ವೆಯರಿಗಿಂತ ಚೆನ್ನಾಗಿ ಗೊತ್ತು. 1966ರ ಭೂಕಂದಾಯ ನಿಯಮಗಳ ಪ್ರಕಾರ ರಸ್ತೆ, ಕಾಲುದಾರಿ, ಕೆರೆ, ಹಳ್ಳಗಳ ಜೊತೆಗೆ ಹೂಳುವ ಮತ್ತು ಸುಡುವ ಜಾಗವೂ ‘ಬಿ’ ಖರಾಬಿಗೆ ಸೇರಿದ್ದು. ಅದು ಸಾರ್ವಜನಿಕರದು. ಆದರೂ ಬೇಲಿ ಎಂಬುದು ವಿಚಿತ್ರ ಪ್ರಾಣಿ. ಪ್ರತಿ ವರ್ಷ ಗೂಟ ಬದಲಿಸುವಾಗ ಒಂದು ಗೇಣು ಮುಂದೆ ನಡೆಯುತ್ತದೆ, ಹಿಂದೆ ಬಂದದ್ದನ್ನು ಯಾರೂ ಕಂಡಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದೆಕರೆ ಸ್ಮಶಾನ ಹದಿನೈದು ಗುಂಟೆಗೆ ಇಳಿಯುತ್ತದೆ, ಉಳಿದ ಇಪ್ಪತ್ತೈದು ಗುಂಟೆಯಲ್ಲಿ ಕಾಫಿ ಹೂ ಬಿಟ್ಟಿರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ನಮ್ಮ ಸೀಮೆಯನ್ನು ನೋಡಿಯೇ ಹುಟ್ಟಿರಬೇಕು.

ಕೆಲವರು ಹೇಳುವುದುಂಟು, ‘ಗೋಮಾಳ, ಸೊಪ್ಪಿನಬೆಟ್ಟ ಎಲ್ಲರೂ ಮಾಡಿದ್ದಾರೆ, ಸಕ್ರಮಕ್ಕೆ ಅರ್ಜಿ ಹಾಕಿದ್ದೇವೆ, ಇದೂ ಹಾಗೆಯೇ’ ಎಂದು. ಹಾಗಲ್ಲ. ಕೃಷಿಗಾಗಿ ಸಾಗು ಮಾಡಿದ ಜಮೀನಿನ ಬಗೆಗೆ ನಮೂನೆ 50, 53, 57 ಎಂದು ಸರ್ಕಾರ ಅರ್ಜಿ ಕರೆದದ್ದು ನಿಜ. ಅವುಗಳ ನ್ಯಾಯಾನ್ಯಾಯ ಬೇರೆ ಚರ್ಚೆ. ಬೆಳೆಗಾರರ ಕಷ್ಟವನ್ನು ನಾವು ಈ ಪತ್ರಿಕೆಯಲ್ಲಿ ಅನೇಕ ಸಲ ಎತ್ತಿ ಹೇಳಿದ್ದೇವೆ, ಮುಂದೆಯೂ ಹೇಳುತ್ತೇವೆ. ಆದರೆ ಊರಿನ ಹೆಣ ಇಡುವ ಜಾಗವನ್ನು ಆ ಸಾಲಿನಲ್ಲಿ ಸೇರಿಸಿದರೆ ನಮ್ಮ ನ್ಯಾಯವಾದ ಬೇಡಿಕೆಗಳಿಗೂ ಮಸಿ ಬಳಿದಂತೆ. ಬೇಲಿ ಸ್ಮಶಾನದೊಳಗೆ ಸರಿದಿದ್ದರೆ, ತಹಸೀಲ್ದಾರರ ನೋಟೀಸು ಬರುವ ಮೊದಲು ಸದಸ್ಯರು ತಾವಾಗಿಯೇ ಹಿಂದೆ ತೆಗೆದುಕೊಳ್ಳುವುದು ಮರ್ಯಾದೆ. ಪಂಚಾಯಿತಿಯನ್ನು ಕೇಳುವ ಬಾಯಿಗೆ ಬಲ ಬರುವುದು ಆಗಲೇ.

ಈ ವಿಷಯದಲ್ಲಿ ಅತಿ ಹೆಚ್ಚು ತೊಂದರೆಗೊಳಗಾದವರು ಜಮೀನಿಲ್ಲದವರು. ಜಮೀನಿದ್ದವರು ಹೇಗೋ ತಮ್ಮ ತೋಟದ ಮೂಲೆಯಲ್ಲಿಯೇ ಸಂಸ್ಕಾರ ಮುಗಿಸುತ್ತಾರೆ. ಕೋವಿಡ್ ಕಾಲದಲ್ಲಿ, 2021ರ ಏಪ್ರಿಲ್‌ನಲ್ಲಿ, ಸ್ವಂತ ಜಮೀನಿನಲ್ಲಿ ಸಂಸ್ಕಾರ ಮಾಡಲು ಸರ್ಕಾರವೇ ಅನುಮತಿ ಕೊಟ್ಟಿತು. ಲೈನ್ ಮನೆಯಲ್ಲಿ ಇರುವವನಿಗೆ ಯಾವ ಸ್ವಂತ ಜಮೀನು? ಮೂರು ತಲೆಮಾರು ಅದೇ ತೋಟದಲ್ಲಿ ಕಾಯಿ ಕೊಯ್ದು, ಗಿಡಗಸಿ ಮಾಡಿ, ಔಷಧಿ ಹೊಡೆದವನು ಸತ್ತ ದಿನ, ಅವನ ಮಕ್ಕಳು ಜಾಗಕ್ಕಾಗಿ ಯಜಮಾನರ ಮುಖ ನೋಡಬೇಕು. ಯಜಮಾನರು ಒಳ್ಳೆಯವರಾದರೆ ಒಂದು ಮೂಲೆ ತೋರಿಸುತ್ತಾರೆ. ತೋಟ ಕೈ ಬದಲಾದ ಮೇಲೆ ಆ ಮೂಲೆಯಲ್ಲಿ ಏನಿತ್ತೆಂಬುದು ಹೊಸ ಯಜಮಾನರಿಗೆ ಗೊತ್ತೇ ಇರುವುದಿಲ್ಲ, ಜೆಸಿಬಿ ಬಂದು ಗುಂಡಿ ತೆಗೆಯುತ್ತದೆ.

1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಮಾಲೀಕ ಒದಗಿಸಬೇಕಾದ ಸೌಕರ್ಯಗಳ ಪಟ್ಟಿ ಉದ್ದವಾಗಿತ್ತು. ವಸತಿ, ಕುಡಿಯುವ ನೀರು, ಔಷಧೋಪಚಾರ, ಶಿಶುವಿಹಾರ, ಕೊನೆಗೆ ಕೊಡೆ, ಕಂಬಳಿ, ಮಳೆಕೋಟುಗಳ ಮಾತು ಕೂಡ ಅದರಲ್ಲಿ ಇತ್ತು. ಸತ್ತರೆ ಹೂಳುವ ಜಾಗದ ಮಾತು ಇರಲಿಲ್ಲ. 2025ರ ನವೆಂಬರ್‌ನಲ್ಲಿ ಆ ಕಾಯ್ದೆ ಹೊಸ ಕಾರ್ಮಿಕ ಸಂಹಿತೆಯಲ್ಲಿ ಸೇರಿಹೋಯಿತು. ಅಂತೂ ಬದುಕಿದ್ದಾಗ ಕಾರ್ಮಿಕ ಮಾಲೀಕನ ಹೊಣೆಯಾದರೆ, ಸತ್ತ ಮೇಲೆ ಅವನು ಊರಿನವನು, ಪಂಚಾಯಿತಿಯ ಹೊಣೆ. ಅವನ ಮತವನ್ನು ಎಣಿಸುವ ಪಂಚಾಯಿತಿ ಅವನ ಗೋರಿಯನ್ನೂ ಎಣಿಸಬೇಕು.

ಜಾತಿಯ ಮಾತನ್ನೂ ಬಿಟ್ಟು ಹೋಗುವಂತಿಲ್ಲ. ನಮ್ಮ ಎಷ್ಟೋ ಗ್ರಾಮಗಳಲ್ಲಿ ಒಂದೊಂದು ಕೋಮಿಗೆ ಒಂದೊಂದು ಜಾಗ ರೂಢಿಯಿಂದ ಬಂದಿದೆ. ಚರ್ಚಿನ ಸ್ಮಶಾನಕ್ಕೆ ಅವರ ಸಮಿತಿಯಿದೆ, ಖಬರಸ್ತಾನಕ್ಕೆ ಜಮಾತಿದೆ. ಅವರವರ ಸಂಸ್ಕಾರ ಅವರವರ ಪದ್ಧತಿಯಂತೆ ನಡೆಯಲಿ, ಅದರಲ್ಲಿ ಯಾರೂ ಕೈಹಾಕಬೇಕಾಗಿಲ್ಲ. ಆದರೆ ಸರ್ಕಾರಿ ಜಾಗದಲ್ಲಿರುವ ಸಾರ್ವಜನಿಕ ಸ್ಮಶಾನಕ್ಕೆ ಪರಿಶಿಷ್ಟರ ಹೆಣ ಬರಕೂಡದೆಂದು ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮದಂತೆ ಅಪರಾಧ. ದೌರ್ಜನ್ಯ ತಡೆ ಅಧಿನಿಯಮಕ್ಕೆ 2015ರಲ್ಲಿ ಆದ ತಿದ್ದುಪಡಿಯೂ ಇದನ್ನು ಸ್ಪಷ್ಟವಾಗಿ ಹೆಸರಿಸಿದೆ. ಸ್ಮಶಾನ ಹಾಳುಬಿದ್ದಷ್ಟೂ ಈ ತಡೆ ಸುಲಭವಾಗುತ್ತದೆ ಎಂಬುದನ್ನು ಗಮನಿಸಬೇಕು. ಗಡಿಕಲ್ಲು, ನಾಮಫಲಕ, ಪಂಚಾಯಿತಿಯ ಕಾವಲು ಇದ್ದ ಕಡೆ ‘ಇದು ನಮ್ಮದು, ನಿಮ್ಮದಲ್ಲ’ ಎಂದು ಹೇಳುವ ಧೈರ್ಯ ಸುಲಭಕ್ಕೆ ಬರುವುದಿಲ್ಲ.

‘ಪಂಚಾಯಿತಿಯಲ್ಲಿ ಹಣವೆಲ್ಲಿದೆ?’ ಎಂಬುದು ಮುಂದಿನ ಪ್ರಶ್ನೆ. ಇದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಗ್ರಾಮ ಪಂಚಾಯಿತಿ ತೆರಿಗೆ ಹಾಕುವುದು ಕಟ್ಟಡಗಳ ಮೇಲೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನಿನ ಮೇಲೆ. ತೋಟದ ಜಮೀನಿನಿಂದ ಅದಕ್ಕೆ ಬಿಡಿಗಾಸು ಬರುವುದಿಲ್ಲ. ಆದರೆ ಹಣ ಬಂದ ದಾರಿಗಳೂ ಇದ್ದವು. ಉದ್ಯೋಗ ಖಾತರಿ ಯೋಜನೆಯ ಕಾಮಗಾರಿಗಳ ಪಟ್ಟಿಯಲ್ಲಿ ಗ್ರಾಮದ ಚಿತಾಗಾರ ಸೇರಿತ್ತು. ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಕೊಟ್ಟ ಅನುದಾನದಲ್ಲಿ ಶೇಕಡಾ 60 ನೀರು ನೈರ್ಮಲ್ಯಕ್ಕೆ ಕಟ್ಟಿದ್ದು, ಉಳಿದ ಶೇಕಡಾ 40 ಊರಿನ ಅಗತ್ಯ ನೋಡಿ ಪಂಚಾಯಿತಿಯೇ ತೀರ್ಮಾನಿಸಬಹುದಾದದ್ದು. ಸ್ಮಶಾನದ ಹೆಸರು ಬರೆಯಲು ಆ ಕ್ರಿಯಾಯೋಜನೆಗಳಲ್ಲಿ ಜಾಗವಿತ್ತು. ಬರೆಯಿಸುವವರು ಇರಲಿಲ್ಲ.

ಇನ್ನೊಂದು ಸಂಗತಿ. ಹಣ ಬಂದ ಕಡೆಯಲ್ಲಿಯೂ ಅದು ಕಟ್ಟುವುದಕ್ಕೆ ಬರುತ್ತದೆ, ಕಾಯುವುದಕ್ಕೆ ಬರುವುದಿಲ್ಲ. ದೊಡ್ಡ ಕಮಾನು, ಅದರ ಮೇಲೆ ಬಣ್ಣದ ಅಕ್ಷರ, ಉದ್ಘಾಟಿಸಿದವರ ಹೆಸರಿನ ಕಲ್ಲು. ಎರಡು ಮಳೆಗಾಲ ಕಳೆದರೆ ಕಮಾನಿನ ಹಿಂದೆ ಮತ್ತೆ ಲಂಟಾನ. ಗಿಡ ನೆಟ್ಟು ಕಳೆ ತೆಗೆಯದೆ, ಗಿಡಗಸಿ ಮರಗಸಿ ಮಾಡದೆ ಬಿಟ್ಟ ತೋಟದಿಂದ ಯಾರಾದರೂ ಫಸಲು ನಿರೀಕ್ಷಿಸುತ್ತಾರೆಯೇ? ನಮಗೆ ಬೇಕಾದದ್ದು ಒಂದು ಸಲದ ದೊಡ್ಡ ಮೊತ್ತವಲ್ಲ. ಪ್ರತಿ ವರ್ಷದ ಆಯವ್ಯಯದಲ್ಲಿ ‘ಸ್ಮಶಾನ ನಿರ್ವಹಣೆ’ ಎಂಬ ಒಂದು ಸಾಲು, ಅದರ ಮುಂದೆ ಒಂದು ಸಣ್ಣ ಮೊತ್ತ.

ಇಂಗ್ಲೆಂಡಿನಲ್ಲಿ ಇದಕ್ಕೆ ಒಂದು ನೇರವಾದ ಏರ್ಪಾಡಿದೆ. ಹೂಳಲು ಜಾಗ ಮುಗಿದು ಸರ್ಕಾರಿ ಆದೇಶದಿಂದ ಮುಚ್ಚಿದ ಚರ್ಚಿನ ಸ್ಮಶಾನವನ್ನು ನೋಡಿಕೊಳ್ಳಲು ಚರ್ಚಿನ ಸಮಿತಿಗೆ ಆಗದಿದ್ದರೆ, 1972ರ ಸ್ಥಳೀಯ ಸರ್ಕಾರ ಅಧಿನಿಯಮದ 215ನೆಯ ಪ್ರಕರಣದಂತೆ ಅದು ಅಲ್ಲಿನ ಗ್ರಾಮ ಸಮಿತಿಗೆ ಲಿಖಿತವಾಗಿ ಕೇಳಿಕೊಳ್ಳಬಹುದು. ಮೂರು ತಿಂಗಳಾದ ಮೇಲೆ ನಿರ್ವಹಣೆ ಸ್ಥಳೀಯ ಸಂಸ್ಥೆಯ ಮೇಲೆ ಬರುತ್ತದೆ. ಗ್ರಾಮ ಸಮಿತಿ ಬೇಕಾದರೆ ಮೇಲಿನ ಜಿಲ್ಲಾ ಮಂಡಳಿಗೆ ದಾಟಿಸಬಹುದು, ಯಾರಿಗೂ ಸೇರದೆ ಬಿಡುವಂತಿಲ್ಲ. ಯಾರದೂ ಅಲ್ಲದ ಗೋರಿ ಎಂಬುದು ಇರಕೂಡದು ಎಂಬ ಒಂದೇ ತತ್ವ ಅದರ ಹಿಂದಿದೆ. ನಮಗೆ ಬೇಕಾದದ್ದೂ ಅದೇ.

ಇಂಗ್ಲಿಷರ ಮಾತು ಬಂದದ್ದರಿಂದ ನಮ್ಮ ಸೀಮೆಯ ಹಳೆಯ ಗೋರಿಗಳನ್ನೂ ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಮಂಜರಾಬಾದ್, ಕೊಡಗು, ಚಿಕ್ಕಮಗಳೂರು ಸೀಮೆಗಳಲ್ಲಿ ಯುರೋಪಿಯನ್ನರು ಕಾಫಿ ತೋಟ ಮಾಡಿದರು. ಮಂಜರಾಬಾದಿನ ಬೆಳೆಗಾರ ರಾಬರ್ಟ್ ಎಲಿಯಟ್ ತನ್ನ ಅನುಭವವನ್ನು 1871ರಲ್ಲಿ ಪುಸ್ತಕವಾಗಿಯೇ ಪ್ರಕಟಿಸಿದ. ಚಳಿಜ್ವರಕ್ಕೆ ಔಷಧಿ ಸಾಲದ ಆ ಕಾಲದಲ್ಲಿ ಅವರಲ್ಲಿ ಎಷ್ಟೋ ಜನ, ಅವರ ಹೆಂಡಿರು ಮಕ್ಕಳು, ಇಲ್ಲಿಯೇ ಮಣ್ಣಾದರು. ಇಂಥ ಗೋರಿಗಳ ದಾಖಲೆ ಮತ್ತು ರಕ್ಷಣೆಗೆಂದು 1976ರಲ್ಲಿ ಲಂಡನ್ನಿನಲ್ಲಿ ಒಂದು ಸಂಘ ಹುಟ್ಟಿತು. ಕಲ್ಕತ್ತೆಯ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದ ಜೀರ್ಣೋದ್ಧಾರಕ್ಕೆ ಅದು ಒತ್ತಾಸೆಯಾಯಿತು. ದೂರದ ಸಂಘ ಎಲ್ಲಾ ಕಡೆ ಬರಲಾರದು. ಗೋರಿಯ ಕಲ್ಲು ಕಿತ್ತು ಬಟ್ಟೆ ಒಗೆಯುವ ಕಲ್ಲು ಮಾಡಿಕೊಳ್ಳುವುದನ್ನು ತಪ್ಪಿಸುವುದು ಇಲ್ಲಿಯವರ ಕೆಲಸ. ಪರದೇಶದವರ ಗೋರಿ ನಮಗೇಕೆ ಎನ್ನುವವರು ಒಂದು ಮಾತು ಯೋಚಿಸಬೇಕು. ಅವರ ಹೆಸರಾದರೂ ಕಲ್ಲಿನ ಮೇಲೆ ಉಳಿದಿದೆ. ಅವರ ಜೊತೆಯಲ್ಲಿಯೇ ಕಾಡು ಕಡಿದು, ಅದೇ ಜ್ವರದಲ್ಲಿ ಸತ್ತ ನಮ್ಮ ಕೂಲಿಯವರ ಹೆಸರಿಗೆ ಕಲ್ಲೂ ಇಲ್ಲ, ಕಾಗದವೂ ಇಲ್ಲ.

ಕಾಗದದ ಬೆಲೆ ಏನೆಂಬುದನ್ನು ನಮ್ಮ ನೆರೆಯ ವಯನಾಡು ಇತ್ತೀಚೆಗೆ ತೋರಿಸಿಕೊಟ್ಟಿತು. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್ಮಲ ಭಾಗಗಳಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತಾಗ, ಗುರುತು ಸಿಗದ ದೇಹಗಳನ್ನು ಪುತ್ತುಮಲದಲ್ಲಿ ಒಂದು ತೋಟದ ಜಾಗದಲ್ಲಿ ಹೂಳಿದರು. ಸರ್ವಧರ್ಮದ ಪ್ರಾರ್ಥನೆಯಾಯಿತು. ಪ್ರತಿಯೊಂದು ಗೋರಿಗೂ ಸಂಖ್ಯೆ ಕೊಟ್ಟು ಕಲ್ಲು ನೆಟ್ಟರು. ಆಮೇಲೆ ಡಿಎನ್‌ಎ ಪರೀಕ್ಷೆಯಿಂದ ಇಂಥ ಸಂಖ್ಯೆಯ ಗೋರಿ ಇಂಥವರದು ಎಂದು ತಿಳಿದು ಬಂಧುಗಳು ಬಂದು ಹೂವಿಟ್ಟರು. ಅಷ್ಟು ದೊಡ್ಡ ಅನಾಹುತದ ನಡುವೆ ಅಧಿಕಾರಿಗಳೂ ಸ್ಥಳೀಯರೂ ಮಾಡಿದ ಕೆಲಸ, ಏನೂ ಅನಾಹುತವಿಲ್ಲದ ದಿನಗಳಲ್ಲಿ ನಮ್ಮ ಪಂಚಾಯಿತಿಗಳಿಗೆ ಆಗದೆ?

ದಾಖಲೆಯ ಮಾತು ಬರಿಯ ಭಾವನೆಯದಲ್ಲ, ವ್ಯವಹಾರದ್ದೂ ಹೌದು. ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು. 1969ರ ಜನನ ಮರಣ ನೋಂದಣಿ ಅಧಿನಿಯಮದ 10ನೆಯ ಪ್ರಕರಣದಂತೆ ಸ್ಮಶಾನದ ಪಾಲಕನೂ ಸಾವಿನ ಸುದ್ದಿಯನ್ನು ನೋಂದಣಿದಾರರಿಗೆ ತಿಳಿಸತಕ್ಕವನು. ಪಾಲಕನೇ ಇಲ್ಲದ ಸ್ಮಶಾನದಲ್ಲಿ ತಿಳಿಸುವವರು ಯಾರು? ಪೌತಿ ಖಾತೆಗೆ, ವಿಮೆಗೆ, ವಿಧವಾ ವೇತನಕ್ಕೆ, ಸಂಘದಲ್ಲಿ ಷೇರು ವರ್ಗಾವಣೆಗೆ ಮರಣ ಪ್ರಮಾಣಪತ್ರ ಬೇಕು. ತಡವಾಗಿ ಓಡಾಡುವವರ ಕಷ್ಟ ನಮ್ಮ ಸಂಘದ ಕಚೇರಿಯ ಮೇಜಿನ ಮುಂದೆ ನಿತ್ಯವೂ ಕಾಣುವಂಥದ್ದು. ಲೈನಿನವರಿಗೆ ಈ ಕಷ್ಟ ಇಮ್ಮಡಿ.

ಆದುದರಿಂದ ನಮ್ಮ ವ್ಯಾಪ್ತಿಯ ಪ್ರತಿಯೊಂದು ಗ್ರಾಮ ಪಂಚಾಯಿತಿಯೂ, ಅಲ್ಲಿ ಚುನಾಯಿತ ಅಧ್ಯಕ್ಷರಿರಲಿ ಆಡಳಿತಾಧಿಕಾರಿಯಿರಲಿ, ಈ ಕೆಳಗಿನ ಕೆಲಸಗಳನ್ನು ಕೈಗೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು, ಪಹಣಿಯಲ್ಲಿ ಸ್ಮಶಾನವೆಂದು ನಮೂದಾದ ಎಲ್ಲಾ ಜಾಗಗಳ ಸರ್ವೆಗೆ ತಹಸೀಲ್ದಾರರಿಗೆ ಬರೆದು, ಗಡಿಕಲ್ಲು ನೆಡಿಸಿ, ನಕ್ಷೆಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಹಾಕುವುದು. ರೂಢಿಯಲ್ಲಿ ಬಳಕೆಯಲ್ಲಿದ್ದು ಪಹಣಿಯಲ್ಲಿ ಇಲ್ಲದ ಜಾಗಗಳನ್ನು, ಲೈನಿನವರ ಮತ್ತು ಹಾಡಿಗಳ ಗಿರಿಜನರ ಜಾಗಗಳನ್ನು ಸಹ, ಪಟ್ಟಿಮಾಡಿ ಮೇಲಕ್ಕೆ ಕಳುಹಿಸುವುದು.

ಎರಡನೆಯದು, ದಾರಿ. ಆರು ಜನ ಚಟ್ಟದೊಂದಿಗೆ ನಡೆಯುವಷ್ಟು ಅಗಲ, ಹಳ್ಳಕ್ಕೆ ಕೈಹಿಡಿಯಿರುವ ಗಟ್ಟಿಯಾದ ಸಂಕ.

ಮೂರನೆಯದು, ನಾಲ್ಕು ಕಂಬದ ಮೇಲೆ ಎತ್ತರದ ತಗಡಿನ ಮಾಡು, ಕಬ್ಬಿಣದ ಚಿತಾ ಚೌಕಟ್ಟು, ಸೌದೆಗೆ ಒಂದು ಕೊಟ್ಟಿಗೆ, ಕೈಕಾಲು ತೊಳೆಯಲು ನೀರು. ಕಮಾನು ಬೇಡ.

ನಾಲ್ಕನೆಯದು, ಒಬ್ಬ ಪಾಲಕ, ಒಂದು ರಿಜಿಸ್ಟರು. ಸಣ್ಣ ಪಂಚಾಯಿತಿಯಲ್ಲಿ ಎಲ್ಲಾ ಸ್ಮಶಾನಗಳಿಗೂ ಸೇರಿ ಒಬ್ಬನೇ ಸಾಕು. ಅವನಿಗೆ ಕ್ರಮವಾದ ಸಂಬಳ ಕೊಡಬೇಕು, ಬಿಟ್ಟಿ ಚಾಕರಿಯೆಂದು ಯಾವ ಜಾತಿಯವರ ಮೇಲೂ ಹೇರಬಾರದು.

ಐದನೆಯದು, ವರ್ಷಕ್ಕೆ ಎರಡು ಸಲ, ಮಳೆಗೆ ಮೊದಲು ಮತ್ತು ಮಳೆ ನಿಂತ ಮೇಲೆ, ಕಳೆ ತೆಗೆಸುವುದು. ಹಳೆಯ ಗೋರಿಗಳ ಕಲ್ಲು ಕದಲಿಸದೆ, ಅದರ ಮೇಲಿನ ಬರಹವನ್ನು ಪ್ರತಿ ಮಾಡಿಟ್ಟುಕೊಳ್ಳುವುದು.

ಇದೆಲ್ಲವನ್ನೂ ಸಂಘವೇ ಏಕೆ ಮಾಡಬಾರದು ಎಂದು ಕೆಲವು ಉತ್ಸಾಹಿ ಸದಸ್ಯರು ಕೇಳಬಹುದು. ಅವರ ಉತ್ಸಾಹವನ್ನು ಮೆಚ್ಚುತ್ತೇವೆ, ಮಾತನ್ನು ಒಪ್ಪುವುದಿಲ್ಲ. ಶ್ರಮದಾನದಿಂದ ಒಂದು ದಿನ ಸ್ಮಶಾನ ಸ್ವಚ್ಛವಾಗುತ್ತದೆ, ಫೋಟೋ ತೆಗೆಯುತ್ತಾರೆ, ಮುಂದಿನ ವರ್ಷ ಯಾರೂ ಇರುವುದಿಲ್ಲ. ‘ಸಂಘದವರು ನೋಡಿಕೊಳ್ಳುತ್ತಾರೆ’ ಎಂಬ ಹೊಸ ನೆವ ಮಾತ್ರ ಪಂಚಾಯಿತಿಯ ಕಡತದಲ್ಲಿ ಉಳಿಯುತ್ತದೆ. ದಾನ ಮಾಡುವವನು ಯಾವಾಗ ಬೇಕಾದರೂ ನಿಲ್ಲಿಸಬಹುದು. ಕರ್ತವ್ಯ ಇರುವವನು ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಕೇಳಬಹುದು. ಆದ್ದರಿಂದ ಹೊಣೆ ಪಂಚಾಯಿತಿಯದೇ ಆಗಿರಲಿ, ನಮ್ಮದು ಸಹಾಯ ಮಾತ್ರ.

ಆ ಸಹಾಯ ಏನೆಂಬುದನ್ನೂ ಹೇಳಿಬಿಡುತ್ತೇವೆ. ಪ್ರತಿ ವರ್ಷ ಮರಗಸಿಯ ಕಾಲದಲ್ಲಿ ನಮ್ಮ ತೋಟಗಳಲ್ಲಿ ಸೌದೆ ರಾಶಿ ಬೀಳುತ್ತದೆ. ಕಿತ್ತ ಹಳೆಯ ಕಾಫಿ ಬುಡಗಳೂ ಇರುತ್ತವೆ. ತೋಟವಿರುವ ಪ್ರತಿಯೊಬ್ಬ ಸದಸ್ಯರೂ ಶಕ್ತ್ಯನುಸಾರ ಒಂದು ಹೊರೆಯೋ ಒಂದು ಗಾಡಿಯೋ ಒಣ ಸೌದೆಯನ್ನು ಮೇ ತಿಂಗಳೊಳಗೆ ಸ್ಮಶಾನದ ಕೊಟ್ಟಿಗೆಗೆ ಹಾಕಿದರೆ, ಮಳೆಗಾಲದಲ್ಲಿ ಯಾವ ಬಡವನೂ ಟೈರು ಹುಡುಕಬೇಕಾಗುವುದಿಲ್ಲ. ಸ್ಮಶಾನದ ದಾರಿ ಯಾರ ತೋಟದಲ್ಲಿ ಹಾದುಹೋಗುತ್ತದೆಯೋ ಅವರು ಆ ದಾರಿಗೆ ಪಂಚಾಯಿತಿಗೆ ಬರಹದಲ್ಲಿ ಒಪ್ಪಿಗೆ ಕೊಡಲಿ. ಒಂದು ಸಾಲು ಗಿಡ ಹೋಗಬಹುದು. ಆ ದಾರಿಯಲ್ಲಿ ಒಂದು ದಿನ ಅವರ ಮನೆಯವರೂ ಹೋಗಬೇಕಾದವರೇ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬುದು ಕಾನೂನು. ಮುಂದಿನ ಗ್ರಾಮಸಭೆಯಲ್ಲಿ ನಮ್ಮ ಸದಸ್ಯರು ಎದ್ದು ನಿಂತು, ಸ್ಮಶಾನದ ಸರ್ವೆ ಆಗಿದೆಯೇ, ಆಯವ್ಯಯದಲ್ಲಿ ಎಷ್ಟು ಇಟ್ಟಿದ್ದೀರಿ ಎಂಬ ಎರಡೇ ಪ್ರಶ್ನೆ ಕೇಳಲಿ, ಉತ್ತರವನ್ನು ನಡಾವಳಿಯಲ್ಲಿ ಬರೆಯಿಸಲಿ. ಬಾಯಿಮಾತಿನ ಭರವಸೆ ಮನೆ ಮುಟ್ಟುವುದರೊಳಗೆ ಆರಿಹೋಗುತ್ತದೆ, ನಡಾವಳಿಯ ಬರಹ ಉಳಿಯುತ್ತದೆ. ನಮ್ಮ ಸಂಘದ ವಾರ್ಷಿಕ ಮಹಾಸಭೆಯಲ್ಲಿಯೂ ಈ ಬಗೆಗೆ ಒಂದು ಠರಾವು ಮಂಡಿಸಿ, ತಾಲ್ಲೂಕು ಪಂಚಾಯಿತಿಗೂ ಜಿಲ್ಲಾಧಿಕಾರಿಗಳಿಗೂ ಕಳುಹಿಸಬೇಕೆಂದು ಆಡಳಿತ ಮಂಡಳಿಯನ್ನು ಕೋರುತ್ತೇವೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಅಭ್ಯಾಸ ನಮ್ಮದು. ಈ ವರ್ಷ ಮುಂಗಾರು ಹಿಡಿಯುವ ಮೊದಲು ಪ್ರತಿ ಗ್ರಾಮದಲ್ಲಿ ಒಂದು ಮಾಡು, ಒಂದು ಸಂಕ, ಒಂದು ಕೊಟ್ಟಿಗೆ ಸೌದೆ ಸಿದ್ಧವಾದರೂ ದೊಡ್ಡ ಕೆಲಸವಾದಂತೆಯೇ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೆಂದೂ, ಸದಸ್ಯರು ಅವರ ಗಮನವನ್ನು ಬೇರೆಡೆಗೆ ಸರಿಯಗೊಡರೆಂದೂ ನಂಬಿದ್ದೇವೆ.